ಊರು ಬದಲಿಸಿದ್ದು ಒಬ್ಬರಲ್ಲ

ನಗರ ಸಾಕಾಗಿ ಸಣ್ಣ ಊರಿನ ಕಡೆ ಮುಖ ಮಾಡುವವರಿಗೆಲ್ಲ ನಾವು ಪೂರ್ಣಚಂದ್ರ ತೇಜಸ್ವಿಯವರನ್ನು ಮಾದರಿಯಾಗಿ ತೋರಿಸುತ್ತೇವೆ. ಮೈಸೂರಿನಲ್ಲಿ ಓದಿ, ನೌಕರಿಯ ಹಾದಿ ಬಿಟ್ಟು ಮೂಡಿಗೆರೆಯಲ್ಲಿ ಕಾಫಿ ಬೆಳೆದು, 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಬಾಳಿದವರು ಅವರು. ಆದರೆ ಅವರ ಪುಸ್ತಕಗಳು ನಮ್ಮ ಈ ಕನಸನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

1980ರ ‘ಕರ್ವಾಲೊ’ ಕಾದಂಬರಿಯ ಮೂಡಿಗೆರೆ ನೆಮ್ಮದಿಯ ತಾಣವಲ್ಲ. ಅದರ ನಿರೂಪಕ ಕೃಷಿಯ ತಾಪತ್ರಯಗಳಿಂದ ಬೇಸತ್ತವನು. ಕಾಡನ್ನು ಅಂಗೈಯಂತೆ ಬಲ್ಲ ಮಂದಣ್ಣನಿಗೋ ಜವಾನನ ಕೆಲಸ ಬೇಕು. ಓದಿದವನು ಮಣ್ಣಿಗೆ ಬಂದಿದ್ದಾನೆ, ಮಣ್ಣಿನವನು ಸಂಬಳಕ್ಕೆ ಹಾತೊರೆಯುತ್ತಿದ್ದಾನೆ. ಹಳ್ಳಿಯನ್ನು ಹೊಗಳುವ ನಗರದವರು ಎದುರಿಸಬೇಕಾದ ಪ್ರಶ್ನೆ ಇದು. ತೇಜಸ್ವಿ ಅದನ್ನು ನಗಿಸುತ್ತಲೇ ಕೇಳುತ್ತಾರೆ.

ಆದರೂ ಈ ಕಾದಂಬರಿ ಹೆಚ್ಚಾಗಿ ಗಂಡಸರ ಲೋಕ. ಸಂಸಾರವೊಂದು ಊರು ಬದಲಿಸಿದರೆ ಬದುಕು ಹೇಗಿರುತ್ತದೆ ಎಂದು ತಿಳಿಯಲು ನಾವು ರಾಜೇಶ್ವರಿಯವರ ‘ನನ್ನ ತೇಜಸ್ವಿ’ ಓದಬೇಕು. ತತ್ವಶಾಸ್ತ್ರ ಓದಿದ್ದ ಅವರು ಅದೇ ತೋಟದಲ್ಲಿ ಮನೆ ಕಟ್ಟಿ ನಿಲ್ಲಿಸಿದವರು, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದವರು. ನಮ್ಮ ವಿಮರ್ಶೆ ಗಂಡನ ಸಾಹಸವನ್ನು ಕೊಂಡಾಡಿದಷ್ಟು ಹೆಂಡತಿಯ ಪಾಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಊರು ಬಿಡುವ ಮಾತು ಇಂದು ಅನೇಕ ಮನೆಗಳಲ್ಲಿ ನಡೆಯುತ್ತಿದೆ. ಮಕ್ಕಳ ಶಾಲೆ, ವೃದ್ಧರ ಔಷಧಿ, ಹೆಣ್ಣಿನ ಉದ್ಯೋಗ ಇವೆಲ್ಲ ಆ ಮಾತಿನೊಳಗೆ ಬರಬೇಕು. ಎರಡೂ ಪುಸ್ತಕಗಳನ್ನು ಒಟ್ಟಿಗೆ ಓದಿದವರು ಅಂಥ ನಿರ್ಧಾರವನ್ನು ಒಬ್ಬರೇ ಕೈಗೊಳ್ಳಲಾರರು.