ಡಾಕ್ಟರ ಕೈ, ಕೇರಿಯ ಗಡಿ

ಅಮೆರಿಕದ ಕೌಬಾಯ್ ಚಿತ್ರಗಳನ್ನು ನಾವು ಬಂದೂಕಿನ ಚಿತ್ರಗಳು ಅಂತಲೇ ನೋಡಿದ್ದೇವೆ. ಆದರೆ ಅವುಗಳಲ್ಲಿ ಬಹಳಷ್ಟು ಸಲ ಡಾಕ್ಟರೊಬ್ಬ ಇರುತ್ತಾನೆ. ಕುಡುಕ, ಇಲ್ಲವೇ ತನ್ನ ಹಳೆಯ ಬದುಕಿನಿಂದ ತಪ್ಪಿಸಿಕೊಂಡು ಬಂದವನು. ಆ ಲೋಕದ ಗಡಿ ಎಲ್ಲಿದೆ ಎಂದು ತಿಳಿಯಲು ಬಂದೂಕನ್ನು ನೋಡಬೇಕಿಲ್ಲ. ಈ ಡಾಕ್ಟರ ಕೈ ಯಾರನ್ನು ಮುಟ್ಟುತ್ತದೆ, ಯಾರನ್ನು ಮುಟ್ಟುವುದಿಲ್ಲ ಎಂದು ನೋಡಿದರೆ ಸಾಕು. ಮುಟ್ಟುವುದು, ಮುಟ್ಟದಿರುವುದು ಎಂದರೇನು ಎಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲವಲ್ಲ.

ಜಾನ್ ಫೋರ್ಡನ 'ಸ್ಟೇಜ್‌ಕೋಚ್' (1939) ತೆಗೆದುಕೊಳ್ಳೋಣ. ಅದರ ಕುಡುಕ ಡಾಕ್ಟರ್ ಬೂನ್ ಪಾತ್ರಕ್ಕೆ ಥಾಮಸ್ ಮಿಚೆಲ್‌ಗೆ ಆಸ್ಕರ್ ಬಂತು. ಊರಿನ ಮರ್ಯಾದಸ್ಥ ಹೆಂಗಸರ ಸಂಘ ಬೂನನನ್ನೂ ಡಲ್ಲಾಸ್ ಎಂಬ ವೇಶ್ಯೆಯನ್ನೂ ಊರಾಚೆ ಹಾಕುತ್ತದೆ. ದಾರಿಯಲ್ಲಿ ಊಟಕ್ಕೆ ಕೂತಾಗ ಡಲ್ಲಾಸ್ ಇದ್ದ ಕಡೆಯಿಂದ ಮರ್ಯಾದಸ್ಥರು ಎದ್ದು ಮೇಜಿನ ಇನ್ನೊಂದು ತುದಿಗೆ ಹೋಗುತ್ತಾರೆ. ಪಂಕ್ತಿಭೇದ ಕಂಡವರಿಗೆ ಈ ದೃಶ್ಯವನ್ನು ಯಾರೂ ಅನುವಾದಿಸಿ ಹೇಳಬೇಕಿಲ್ಲ. ಮುಂದೆ ಸೇನಾಧಿಕಾರಿಯ ಹೆಂಡತಿಗೆ ಹೆರಿಗೆ ನೋವು ಬರುತ್ತದೆ. ಬೂನ್ ಕಾಫಿ ಮೇಲೆ ಕಾಫಿ ಕುಡಿದು ಅಮಲು ಇಳಿಸಿಕೊಂಡು ಹೆರಿಗೆ ಮಾಡಿಸುತ್ತಾನೆ. ಡಲ್ಲಾಸ್ ಕೂಸನ್ನು ಎತ್ತಿಕೊಂಡು ಹೊರಗೆ ಬರುತ್ತಾಳೆ. ಹೊರಗೆ ಹಾಕಿಸಿಕೊಂಡವರೇ ಜೀವ ಉಳಿಸಿದರು ಎಂದು ಹೇಳುವ ಧೈರ್ಯ ಈ ಚಿತ್ರಕ್ಕಿದೆ.

ಆದರೆ ಅದೇ ಮನೆಯಲ್ಲಿ ಯಾಕಿಮಾ ಎಂಬ ಅಪಾಚೆ ಹೆಂಗಸೂ ಇದ್ದಾಳೆ. ಮನೆಯ ಯಜಮಾನನ ಹೆಂಡತಿ. ಅವಳನ್ನು ಕಂಡೊಡನೆ ಪ್ರಯಾಣಿಕನೊಬ್ಬ ಬೆಚ್ಚುತ್ತಾನೆ. ಆ ರಾತ್ರಿಯೇ ಅವಳು ಪರಾರಿ. ಕೊನೆಗೆ ಗಾಡಿಯನ್ನು ಬೆನ್ನಟ್ಟುವ ಅಪಾಚೆಗಳು ಗುಂಡು ತಿಂದು ಒಬ್ಬರ ಹಿಂದೆ ಒಬ್ಬರು ಉರುಳುತ್ತಾರೆ. ಅವರ ಗಾಯಕ್ಕೆ ಡಾಕ್ಟರಿಲ್ಲ, ಅವರಿಗೆ ಹೆಸರೂ ಇಲ್ಲ. ಅಂದರೆ ಒಳಗಿನ ಬಹಿಷ್ಕೃತರನ್ನು ಮತ್ತೆ ಮನುಷ್ಯರನ್ನಾಗಿ ಮಾಡಲು ಫೋರ್ಡನ ಕರುಣೆಗೆ ಹೊರಗೊಬ್ಬ 'ಕಾಡುಮನುಷ್ಯ' ಬೇಕೇ ಬೇಕಾಗಿದ್ದಾನೆ.

ನಮ್ಮಲ್ಲಿ ಗಡಿ ಎಂದರೆ ಮರುಭೂಮಿಯಲ್ಲ. ಊರಿಗೂ ಕೇರಿಗೂ ನಡುವೆ ಇರುವ ನಾಲ್ಕು ಮಾರು ಜಾಗ. ಎಂ.ಕೆ. ಇಂದಿರಾ ಅವರ ಕಾದಂಬರಿಯ ಫಣಿಯಮ್ಮ ಈ ಜಾಗವನ್ನು ದಾಟುತ್ತಾಳೆ. ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದ ಕಥೆ ಅದು. ಮಡಿ ಹೆಂಗಸು ಕೇರಿಯ ಹುಡುಗಿಯ ಹೆರಿಗೆಗೆ ಕೈ ಹಚ್ಚುವುದು ಸಣ್ಣ ಮಾತಲ್ಲ. ಆದರೂ ನನ್ನದೊಂದು ತಕರಾರಿದೆ. ಅಲ್ಲಿ ನಮ್ಮ ನೆನಪಲ್ಲಿ ಉಳಿಯುವುದು ಹೆತ್ತವಳ ನೋವಲ್ಲ, ಮುಟ್ಟಿದವಳ ದೊಡ್ಡತನ. ಎಷ್ಟೋ ಊರುಗಳಲ್ಲಿ ದಲಿತರ, ಕೆಲಸಿಗಳ ಮನೆಯ ಹೆಂಗಸರು ತಲೆತಲಾಂತರದಿಂದ ಸೂಲಗಿತ್ತಿಯರಾಗಿ ಮೇಲಿನವರ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡಿದ್ದಾರೆ. ಆಮೇಲೆ ಅದೇ ಮನೆಯ ಹೊಸ್ತಿಲಾಚೆ ನಿಂತಿದ್ದಾರೆ. ಆ ದಾಟುವಿಕೆ ಯಾಕೆ ಯಾರಿಗೂ ಕ್ರಾಂತಿ ಅನ್ನಿಸಲಿಲ್ಲ? ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ಪದ್ಮಶ್ರೀ ಬಂದದ್ದು 2018ರಲ್ಲಿ, ಅವರು ತೀರಿಕೊಂಡ ವರ್ಷ. ಸೂಲಗಿತ್ತಿಯ ಕೈಯನ್ನು ನಾಡು ಕಾಣಲು ಅಷ್ಟು ಕಾಲ ಹಿಡಿಯಿತು.

ಇದಕ್ಕಿಂತ ನಿಜ ಹೇಳುವ ಚಿತ್ರ ಬಿ.ವಿ. ಕಾರಂತರ 'ಚೋಮನ ದುಡಿ' (1975). ಚೋಮನ ಕಿರಿಯ ಮಗ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನ ಇದ್ದಾರೆ, ಯಾರೂ ಇಳಿಯುವುದಿಲ್ಲ. ಅಲ್ಲಿ ಔಷಧಿ ಬೇಕಿರಲಿಲ್ಲ, ಡಾಕ್ಟರ್ ಬೇಕಿರಲಿಲ್ಲ. ಒಂದು ಕೈ ಚಾಚಿದ್ದರೆ ಸಾಕಿತ್ತು. ಜಾತಿ ಎನ್ನುವುದು ಬರೀ ಅವಮಾನವಲ್ಲ, ಅದು ಸಾವಿನ ಕಾರಣ ಎಂದು ಈ ದೃಶ್ಯ ನೇರವಾಗಿ ಹೇಳುತ್ತದೆ. ಅಲ್ಲಿ ಹೊಗಳಿಸಿಕೊಳ್ಳಲು ಯಾವ ಉದ್ಧಾರಕನೂ ಇಲ್ಲ.

ನಮ್ಮ ಹಾರನಹಳ್ಳಿಗೆ ದೂರವಲ್ಲದ ಎಚ್.ಡಿ. ಕೋಟೆ ಕಾಡೂ ಒಮ್ಮೆ ಸಿನಿಮಾದ ಗಡಿನಾಡಾಗಿತ್ತು. ಕಾರಾಪುರದ ಮಾವುತರ ಹುಡುಗ ಸಾಬು 1937ರ 'ಎಲಿಫೆಂಟ್ ಬಾಯ್' ಚಿತ್ರದಿಂದ ಲೋಕಕ್ಕೆಲ್ಲ ಗೊತ್ತಾದ. ಕ್ಯಾಮೆರಾಕ್ಕೆ ಅದು ಅದ್ಭುತ ಕಾಡು. ಜೇನುಕುರುಬರಿಗೆ ಬರೀ ಮನೆ. ಅಣೆಕಟ್ಟೆ, ಅಭಯಾರಣ್ಯ ಅಂತ ಆ ಮನೆಯಿಂದಲೂ ಅವರನ್ನು ಎಬ್ಬಿಸಲಾಯಿತು. ಆ ಹಾಡಿಗಳಿಗೆ, 1984ರಲ್ಲಿ ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಬಂತು. ಅತ್ತ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ಕೆಲಸ ಮಾಡಿದ ಡಾ. ಎಚ್. ಸುದರ್ಶನ್ ಅವರಿಗೆ 1994ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂತು. ಈ ಕೆಲಸವನ್ನು ಹಗುರ ಮಾಡುವ ಮಾತು ನನ್ನದಲ್ಲ. ಜ್ವರ ಬಂದ ಕೂಸಿಗೆ ಮಾತ್ರೆ ಕೊಟ್ಟ ಕೈ ದೊಡ್ಡದೇ. ನನ್ನ ಜಗಳ ಕಥೆ ಕಟ್ಟುವವರ ಜೊತೆ. ಅವರ ಬರಹದಲ್ಲಿ ಕಾಡು ಯಾವಾಗಲೂ ಕತ್ತಲು, ಡಾಕ್ಟರು ಯಾವಾಗಲೂ ಬೆಳಕು. ಬೇರು, ತೊಗಟೆ ಬಲ್ಲ ಹಾಡಿಯ ಅಜ್ಜಿ ಮತ್ತೊಬ್ಬ ಯಾಕಿಮಾ ಆಗಿಬಿಡುತ್ತಾಳೆ. ಹೆರಿಗೆಯ ಕೋಣೆಗೆ ಅವಳನ್ನು ಯಾರೂ ಕರೆಯುವುದಿಲ್ಲ.

ಗಡಿಯ ಆಚೆಯವರು ತಾವೇ ಡಾಕ್ಟರಾದರೆ? ಆಗ ಗಡಿ ಆಸ್ಪತ್ರೆಯ ಒಳಕ್ಕೇ ಬರುತ್ತದೆಯೇನೋ. ಆದಿವಾಸಿ ಸಮುದಾಯದಿಂದ ಬಂದ ಡಾ. ಪಾಯಲ್ ತಡ್ವಿ 2019ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಹಿರಿಯ ವೈದ್ಯೆಯರ ಜಾತಿ ಕಿರುಕುಳವೇ ಕಾರಣ ಎಂಬ ಆರೋಪದ ಮೇಲೆ ಮೊಕದ್ದಮೆ ದಾಖಲಾಯಿತು. ತೀರ್ಪು ಏನೇ ಇರಲಿ, ಅದು ಎತ್ತಿದ ಪ್ರಶ್ನೆ ನಮ್ಮ ವಿಮರ್ಶೆಯದೂ ಹೌದು. ನಮ್ಮ ಸಿನಿಮಾ, ಸಾಹಿತ್ಯ ಕೇರಿಯನ್ನು ಎಷ್ಟೋ ಸಲ ಚಾಪೆಯ ಮೇಲೆ ಮಲಗಿಸಿ ತೋರಿಸಿವೆ. ಸ್ಟೆತಸ್ಕೋಪು ಹಿಡಿದು ನಿಂತದ್ದನ್ನು ತೋರಿಸಿದ್ದು ತೀರಾ ಕಡಿಮೆ. ರೋಗಿಯಾಗಿ ಒಪ್ಪಿಕೊಳ್ಳುವುದು ಸುಲಭ. ಅಲ್ಲಿ ಕರುಣೆ ಸಾಕು. ಡಾಕ್ಟರಾಗಿ ಒಪ್ಪಿಕೊಳ್ಳಲು ಸಮಾನತೆ ಬೇಕು.

ಆದ್ದರಿಂದ ದಲಿತ ವಿಮರ್ಶೆ 'ಮುಟ್ಟಿದರು' ಎಂಬುದಕ್ಕೇ ಚಪ್ಪಾಳೆ ತಟ್ಟಿ ಸುಮ್ಮನಾಗಬಾರದು. ಮುಟ್ಟಿದ ಕೈ ಯಾರದು, ಮಲಗಿದ ಮೈ ಯಾರದು, ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎಂದು ಕೇಳಬೇಕು. ನಮ್ಮ ಕಡೆಯ ಕೇರಿಗಳಿಂದ ಈಗ ಹೆಣ್ಣುಮಕ್ಕಳು ನರ್ಸಿಂಗ್ ಓದಲು ಹೋಗುತ್ತಿದ್ದಾರೆ. ನಾಳೆ ಅವರಲ್ಲೊಬ್ಬಳು ಊರಗೌಡರ ನಾಡಿ ಹಿಡಿಯುತ್ತಾಳೆ. ಆಗ ಕ್ಯಾಮೆರಾ ಅವಳ ಪಕ್ಕ ನಿಂತು ಗೌಡರ ಮುಖವನ್ನು ಹತ್ತಿರದಿಂದ ತೋರಿಸಲಿ. ಗಡಿ ಎಲ್ಲಿದೆ ಎಂದು ಅಲ್ಲಿ ಗೊತ್ತಾಗುತ್ತದೆ.