ಅನ್ಯಗ್ರಹದ ಮಾತು, ಮನುಷ್ಯರ ಕೈ

ಡೆತ್ ಮೆಟಲ್ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದೇನೂ ತಪ್ಪಲ್ಲ. ಶ್ರುತಿ ಇಳಿಸಿದ ಗಿಟಾರು, ಗಂಟಲಿನ ತಳದಿಂದ ಬರುವ ಘರ್ಜನೆ, ಎರಡೂ ಕಾಲಲ್ಲಿ ಬಾರಿಸುವ ಡ್ರಮ್ಮು, ಹಾಡಿನ ತುಂಬ ಸಾವು ಮತ್ತು ಕೊಳೆತ. ಇದು ನೆಲದಡಿಯ ಸಂಗೀತ. ಇದನ್ನು ಆಕಾಶಕ್ಕೆ ಏರಿಸಲು ಹೊರಟವರು ಅಮೆರಿಕದ ಡೆನ್ವರ್ ನಗರದ ನಾಲ್ವರ ತಂಡ, ಬ್ಲಡ್ ಇನ್‌ಕ್ಯಾಂಟೇಶನ್. 2024ರ ಅಕ್ಟೋಬರ್‌ನಲ್ಲಿ ಬಂದ ಅವರ 'ಆಬ್ಸಲ್ಯೂಟ್ ಎಲ್ಸ್‌ವೇರ್' ಆಲ್ಬಮ್ ಬಗ್ಗೆ ಎರಡು ಮಾತು ಹೇಳಬೇಕಿದೆ. ಒಂದು ಮೆಚ್ಚುಗೆ, ಒಂದು ಜಗಳ.

ಮೊದಲು ಮೆಚ್ಚುಗೆ. ಇಲ್ಲಿರುವುದು ಎರಡೇ ಹಾಡು, 'ದ ಸ್ಟಾರ್‌ಗೇಟ್' ಮತ್ತು 'ದ ಮೆಸೇಜ್'. ಒಂದು ಸುಮಾರು 20 ನಿಮಿಷ, ಇನ್ನೊಂದು 23. ಪ್ರತಿ ಹಾಡಿಗೂ ಮೂರು ಭಾಗ. ಹಳೆಯ ಮಣ್ಣಿನ ಫಲಕಗಳ ನೆನಪಿಗೆ ಅವನ್ನು 'ಟ್ಯಾಬ್ಲೆಟ್' ಎಂದು ಕರೆದಿದ್ದಾರೆ. ನಾನು ಇದನ್ನು ಹೆಚ್ಚಾಗಿ ಕೇಳಿದ್ದು ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇಯಲ್ಲಿ. ಸುಮ್ಮನೆ ನೇರವಾಗಿ ಹೋಗುವ ಆ ರಸ್ತೆಗೆ ಇದು ಸರಿಯಾದ ಜೊತೆ.

ಬಾಹ್ಯಾಕಾಶದ ಭಾವ ಬರಿಸಲು ಸಿಂಥಸೈಸರ್ ತಂದು ಸುರಿದರೆ ಸಾಲದು. ಇವರಿಗೆ ಅದು ಗೊತ್ತು. ಮೊದಲ ಹಾಡಿನಲ್ಲಿ ಬಿರುಗಾಳಿಯಂತೆ ನುಗ್ಗುವ ಡ್ರಮ್ಮು ಕೆಲವೇ ನಿಮಿಷಗಳಲ್ಲಿ ಸರಿದು, ನಿಧಾನದ ತಾಳ ಮತ್ತು ತೇಲುವ ಗಿಟಾರಿಗೆ ಜಾಗ ಬಿಡುತ್ತದೆ. ಅಷ್ಟು ಹೊತ್ತು ಒತ್ತಡದಲ್ಲಿದ್ದ ಕಿವಿಗೆ ಒಮ್ಮೆಲೇ ಎದುರಿನ ಗೋಡೆ ಬಿದ್ದುಹೋದಂತಾಗುತ್ತದೆ. ವಿಸ್ತಾರ ಅನ್ನಿಸುವುದು ಆ ಬಿಡುವಿನಿಂದ. ಗದ್ದಲ ಇರದಿದ್ದರೆ ಆ ಮೌನ ಅಷ್ಟು ದೊಡ್ಡದಾಗಿ ಕೇಳುತ್ತಿರಲಿಲ್ಲ. 2022ರ 'ಟೈಮ್‌ವೇವ್ ಝೀರೋ'ದಲ್ಲಿ ಈ ತಂಡ ಘರ್ಜನೆಯನ್ನೇ ಕೈಬಿಟ್ಟು ಹೆಚ್ಚಾಗಿ ಸಿಂಥ್ ನುಡಿಸಿತ್ತು. ಆಗ ಅಭಿಮಾನಿಗಳು ಮುನಿಸಿಕೊಂಡರು. ಆ ಅಭ್ಯಾಸದ ಫಲ ಈಗ ಕಾಣುತ್ತಿದೆ. ಎರಡನೆಯ ಫಲಕದಲ್ಲಿ ಜರ್ಮನಿಯ ಟ್ಯಾಂಜರೀನ್ ಡ್ರೀಮ್ ತಂಡದ ಥಾರ್ಸ್ಟನ್ ಕ್ವೇಶ್ನಿಂಗ್ ಜೊತೆಗೂಡಿದ್ದಾರೆ. ಜೆಫ್ ಬ್ಯಾರೆಟ್ ನುಡಿಸುವ, ಮೆಟ್ಟಿಲಿಲ್ಲದ ಬೇಸ್ ಗಿಟಾರು ನಮ್ಮ ವೀಣೆಯ ಗಮಕದ ಹಾಗೆ ಸ್ವರದಿಂದ ಸ್ವರಕ್ಕೆ ಜಾರುತ್ತದೆ. ಕೊರತೆಯೂ ಉಂಟು. 'ಮೆಸೇಜ್' ಹಾಡಿನ ನಡುಭಾಗದಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಸಾಲ ತೀರಾ ಎದ್ದು ಕಾಣುತ್ತದೆ. ಆದರೂ 43 ನಿಮಿಷ ಎಲ್ಲೂ ಬೆಸುಗೆ ಬಿಡುವುದಿಲ್ಲ.

ಇನ್ನು ಜಗಳ. ಆಲ್ಬಮ್ಮಿನ ಹೆಸರು ಒಂದು ಹಳೆಯ ಬ್ರಿಟಿಷ್ ತಂಡದ್ದು. ಆ ತಂಡ 1976ರಲ್ಲಿ ಎರಿಕ್ ಫಾನ್ ಡ್ಯಾನಿಕನ್ ಪುಸ್ತಕಗಳನ್ನು ಆಧರಿಸಿ 'ಇನ್ ಸರ್ಚ್ ಆಫ್ ಏನ್ಷಿಯಂಟ್ ಗಾಡ್ಸ್' ಎಂಬ ಆಲ್ಬಮ್ ಮಾಡಿತ್ತು. ಡ್ಯಾನಿಕನ್ 1968ರಿಂದ ಹೇಳುತ್ತ ಬಂದದ್ದು ಗೊತ್ತೇ ಇದೆ: ಪ್ರಾಚೀನರ ದೊಡ್ಡ ಕಟ್ಟಡಗಳ ಹಿಂದೆ ಬೇರೆ ಲೋಕದಿಂದ ಬಂದವರ ಕೈವಾಡ ಇದೆ ಎಂದು. ಬ್ಲಡ್ ಇನ್‌ಕ್ಯಾಂಟೇಶನ್ ಆ ಪಾಠವನ್ನು ಗಿಳಿಯಂತೆ ಒಪ್ಪಿಸುವುದಿಲ್ಲ. ಅವರ ಹಾಡಿನಲ್ಲಿ ಧ್ಯಾನ, ಪ್ರಜ್ಞೆಯ ಹುಡುಕಾಟವೂ ಇದೆ. ಆದರೆ ಆ ಗಾಳಿಯಲ್ಲೇ ಅವರು ಉಸಿರಾಡುತ್ತಾರೆ.

ಕಾರಿನಲ್ಲಿ ಪಕ್ಕ ಕೂತಿದ್ದ ಮಗ, ಒಂಬತ್ತನೆಯ ಕ್ಲಾಸು, ಹಾಡು ಕೇಳುತ್ತ ಕೇಳಿದ: "ಅಪ್ಪಾ, ಹಳೇಬೀಡಿನ ಕಂಬ ಮನುಷ್ಯರು ಮಾಡಿದ್ದಲ್ಲವಂತೆ, ಹೌದಾ? ವಿಡಿಯೋದಲ್ಲಿ ತೋರಿಸಿದ್ರು." ಅವನು ಹುಟ್ಟಿ ಬೆಳೆದದ್ದು ಗುಜರಾತಿನಲ್ಲಿ. ಮನೆಯಲ್ಲಿ ಕನ್ನಡ ಆಡುತ್ತಾನೆ, ಅಕ್ಷರ ಬರುವುದಿಲ್ಲ. ಆಗ ಈ ಆಟದ ಕಲ್ಪನೆ ನನಗೆ ಆಟವಾಗಿ ಉಳಿಯಲಿಲ್ಲ.

ಆ ಕಂಬಗಳ ಗುಟ್ಟು ದೊಡ್ಡದೇನಲ್ಲ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುತ್ತದೆ. ಅದನ್ನು ತಿರುಗಿಸಿ ಕಡೆಯುವ ವಿದ್ಯೆ ಹೊಯ್ಸಳರ ಕಾಲದ ಕುಶಲಕರ್ಮಿಗಳಿಗೆ ಗೊತ್ತಿತ್ತು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಲೂರಿನಲ್ಲಿದೆ. ಅಲ್ಲಿನ ಮದನಿಕೆಯರನ್ನು ಕಡೆದವರು ಹೆಸರು ಕೆತ್ತಿಹೋಗಿದ್ದಾರೆ: ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಅನ್ಯಗ್ರಹದವರು ಕನ್ನಡದಲ್ಲಿ ಸಹಿ ಹಾಕುತ್ತಾರೆಯೇ?

ಬಳ್ಳಿಗಾವೆ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಆ ಊರಿನ ಹೆಸರು ಹೊತ್ತ ಇನ್ನೊಬ್ಬರು, ಶಿಕಾರಿಪುರ ರಂಗನಾಥ ರಾವ್, ಅಂದರೆ ಎಸ್. ಆರ್. ರಾವ್, 1950ರ ದಶಕದಲ್ಲಿ ಅಹಮದಾಬಾದಿನಿಂದ ಸುಮಾರು 80 ಕಿಲೋಮೀಟರ್ ದೂರದ ಲೋಥಲ್‌ನಲ್ಲಿ ಅಗೆತ ಮಾಡಿಸಿದರು. 200 ಮೀಟರಿಗೂ ಉದ್ದದ ಆ ಇಟ್ಟಿಗೆಯ ಕಟ್ಟೆಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದೀರಿ. ಅದು ಹಡಗುಕಟ್ಟೆಯೋ ಬರೀ ಕೆರೆಯೋ ಎಂಬ ವಾದ ಇನ್ನೂ ಇದೆ. ಇಟ್ಟಿಗೆ ಸುಟ್ಟವರು ಮನುಷ್ಯರು ಎಂಬುದರಲ್ಲಿ ವಾದವಿಲ್ಲ.

ಡ್ಯಾನಿಕನ್ ಕಲ್ಪನೆಯ ತೊಂದರೆ ಇಲ್ಲೇ ಇರುವುದು. ಅದು ವಿಸ್ಮಯ ಕೊಡುವಂತೆ ನಟಿಸಿ, ದುಡಿದವರ ಹೆಸರು ಅಳಿಸುತ್ತದೆ. ಕೂಲಿಗೆ ಬಂದವರ, ಕಲ್ಲುಕುಟಿಗರ, ಕುಂಬಾರರ ಕೆಲಸವನ್ನು ಯಾರೋ ದೊಡ್ಡವರ ಖಾತೆಗೆ ಬರೆಯುವುದು ನಮಗೆ ಹೊಸತೇ? ಆಫೀಸಿನಲ್ಲಿ ದಿನಾ ನೋಡುತ್ತೇವೆ. ಪ್ರಾಜೆಕ್ಟ್ ಮ್ಯಾನೇಜರ್ ಆಗಿ ನಾನೂ ಒಮ್ಮೊಮ್ಮೆ ಅದನ್ನೇ ಮಾಡಿದ್ದೇನೆ. ಸ್ಲೈಡಿನಲ್ಲಿ ನನ್ನ ಹೆಸರಿರುತ್ತದೆ, ರಾತ್ರಿ ಕೂತು ಕೋಡ್ ಬರೆದವನದ್ದಿರುವುದಿಲ್ಲ.

ತಮಾಷೆ ಎಂದರೆ ಈ ಆಲ್ಬಮ್ಮೇ ತನ್ನ ಕಲ್ಪನೆಯನ್ನು ಸುಳ್ಳು ಮಾಡುತ್ತದೆ. ಇದನ್ನು ಮಾಡಿದ್ದು ಬರ್ಲಿನ್‌ನ ಹಾನ್ಸಾ ಸ್ಟುಡಿಯೋದಲ್ಲಿ. ಡೇವಿಡ್ ಬೋವಿ 1977ರಲ್ಲಿ 'ಹೀರೋಸ್' ಮಾಡಿದ್ದು ಅಲ್ಲೇ. ಐಸಾಕ್ ಫಾಕ್‌ನ ಕೈಕಾಲು, ಪಾಲ್ ರೀಡಲ್‌ನ ಗಂಟಲು, ಇಬ್ಬರು ಗಿಟಾರಿಗರ ವರ್ಷಗಟ್ಟಲೆಯ ಸಾಧನೆ, ಧ್ವನಿ ಕೂಡಿಸಿದ ಆರ್ಥರ್ ರಿಜ್ಕ್. ಈ ತಯಾರಿಯ ಮೇಲೆ ತಂಡವೇ ಒಂದು ಸಾಕ್ಷ್ಯಚಿತ್ರವನ್ನೂ ಮಾಡಿಸಿದೆ. ತಮ್ಮ ಬೆವರನ್ನು ದಾಖಲಿಸಿಕೊಳ್ಳಬೇಕು ಎಂದು ಇವರಿಗೆ ಅನ್ನಿಸಿದೆ, ದಾಸೋಜನಿಗೆ ಅನ್ನಿಸಿದ ಹಾಗೆಯೇ.

ಆದ್ದರಿಂದ ಆಲ್ಬಮ್ ಕೇಳಿ. ಹೆಡ್‌ಫೋನ್ ಹಾಕಿಕೊಂಡು, ನಡುವೆ ನಿಲ್ಲಿಸದೆ ಕೇಳಿ. ಅದರ ಆಕಾಶ ನಿಜ, ಅದರ ದೇವರುಗಳನ್ನು ನಂಬಬೇಕಿಲ್ಲ. ಮುಂದಿನ ರಜೆಯಲ್ಲಿ ಮಗನನ್ನು ಬೇಲೂರಿಗೆ ಕರೆದೊಯ್ಯುವವನಿದ್ದೇನೆ. ಆ ಹಳೆಯ ಲಿಪಿ ನನಗೂ ಸಲೀಸಾಗಿ ಓದಲು ಬರುವುದಿಲ್ಲ. ಅಷ್ಟರೊಳಗೆ ಅ, ಆ, ಇ, ಈ ಅವನು ಕಲಿತರೆ, ಒಂದೆರಡು ಅಕ್ಷರವನ್ನಾದರೂ ಇಬ್ಬರೂ ಕೂಡಿ ಗುರುತಿಸಬಹುದು.