ಕನ್ನಡದಲ್ಲಿ ಪಂಚಮೀ ವಿಭಕ್ತಿ

ಶಾಲಾವ್ಯಾಕರಣಗಳಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂಬ ಪ್ರತ್ಯಯವನ್ನು ವಿಧಿಸಿ, ‘ಮರದ ದೆಸೆಯಿಂದ’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುವುದು ವಾಡಿಕೆಯಾಗಿ ಬಂದಿದೆ. ಬೆಂಗಳೂರಿನ ಸಂಜಯನಗರದವನು ‘ಸಂಜಯನಗರದಿಂದ ಹೆಬ್ಬಾಳಕ್ಕೆ ಹೋದೆನು’ ಎನ್ನುವನಲ್ಲದೆ ‘ಸಂಜಯನಗರದ ದೆಸೆಯಿಂದ’ ಎನ್ನನು. ಎಂದರೆ, ಆ ಬಡಾವಣೆಯೇ ಯಾವುದೋ ಕೇಡಿಗೆ ಕಾರಣವಾಯಿತೆಂದು ಕೇಳಿದವರು ಭಾವಿಸಿಯಾರು.

೧೩ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ‘ಅತ್ತಣಿಂ’ ಮೊದಲಾದ ರೂಪಗಳನ್ನು ಹೇಳಿರುವನು. ಇವು ಹಳಗನ್ನಡದಲ್ಲಿ ಪ್ರಯೋಗವುಳ್ಳ ಮಾತುಗಳೇ. ಅವನನ್ನು ಆಕ್ಷೇಪಿಸುವವರು ಇದನ್ನು ಮರೆಯಲಾಗದು. ಆದರೆ ಬಿಡಿಸಿ ನೋಡಿದರೆ ಅದು ‘ಅತ್ತಣ’ ಎಂಬುದಕ್ಕೆ ತೃತೀಯೆಯ ‘ಇಂ’ ಸೇರಿದುದು. ‘ದೆಸೆಯಿಂದ’ ಎಂಬುದೂ ಹಾಗೆಯೇ: ಸಂಸ್ಕೃತ ‘ದಿಶಾ’ ಶಬ್ದದ ತದ್ಭವದ ಮೇಲೆ ‘ಇಂದ’. ತನ್ನೊಡಲಲ್ಲಿ ತೃತೀಯೆಯನ್ನೇ ಹೊತ್ತಿರುವ ಪದವು ಬೇರೊಂದು ವಿಭಕ್ತಿಯ ಪ್ರತ್ಯಯವಾಗುವುದೆಂತು? ಸಂಸ್ಕೃತದ ಏಳರ ಲೆಕ್ಕವನ್ನು ತುಂಬಬೇಕೆಂಬುದಲ್ಲದೆ ಬೇರೆ ಕಾರಣ ಕಾಣದು. ಕನ್ನಡ ವ್ಯಾಕರಣವು ಸಂಸ್ಕೃತದ ಅಚ್ಚಿನಲ್ಲಿ ಎರಕಗೊಂಡಿದೆಯೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

‘ಕತ್ತಿಯಿಂದ ಕಡಿದನು’, ‘ಮರದಿಂದ ಬಿದ್ದನು’, ‘ಜ್ವರದಿಂದ ಬಳಲಿದನು’ ಎಂಬ ಮೂರರಲ್ಲಿಯೂ ಪ್ರತ್ಯಯವೊಂದೇ. ಕರಣ, ಅಪಾದಾನ, ಹೇತುಗಳೆಂಬ ಭೇದವನ್ನು ನಾಮಪದದ ಸ್ವಭಾವವೂ ಕ್ರಿಯಾಪದವೂ ಕೂಡಿ ತಿಳಿಸುವುವು. ಪ್ರತ್ಯಯದ ಕೆಲಸ ಅರ್ಥದ ಎಲ್ಲೆಯನ್ನು ಕಿರಿದುಗೊಳಿಸುವುದಷ್ಟೆ. ಕಾರಕ ಬೇರೆ, ವಿಭಕ್ತಿ ಬೇರೆ. ಈ ವಿವೇಕ ಪಾಣಿನಿಯಲ್ಲಿಯೇ ಉಂಟು. ಅವನ ದಾರಿಯನ್ನು ಹಿಡಿದೆವೆಂದವರು ಅದನ್ನೇ ಕೈಬಿಟ್ಟರು!

‘ಅತ್ತಣಿಂ’ ಹಳಗನ್ನಡದ ಪಾಠದಲ್ಲಿರಲಿ. ಹೊಸಗನ್ನಡದ ವಿಭಕ್ತಿಪಟ್ಟಿಯಿಂದ ‘ದೆಸೆಯಿಂದ’ ಎಂಬುದನ್ನು ತೆಗೆದು, ‘ಇಂದ’ದ ಈ ಮೂರು ಪ್ರಯೋಗಗಳನ್ನು ಒಂದೆಡೆಯಲ್ಲಿಯೇ ಬೋಧಿಸುವುದು ಯುಕ್ತ.